ಘಟ್ಟ ಹತ್ತುವ ಕಾರು ಮಂಡಗದ್ದೆಯಲ್ಲಿ ಯಾಕೆ ಒದ್ದಾಡಿತು?

ಶಿವಮೊಗ್ಗದಲ್ಲಿ ಹಳೆ ಗಾಡಿ ಇಟ್ಟುಕೊಂಡವರು ಒಂದು ಭಾನುವಾರ ಸೇರಿದ್ದೆವು. ಅಲ್ಲಿ ಆಡಿದ ಮಾತನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಮಾತಿನ ಧಾಟಿ ಹಾಗೇ ಉಳಿಸಿದ್ದೇನೆ. ಮಧ್ಯೆ ಎದ್ದ ನಗೆ, ಕಾಫಿ ಲೋಟದ ಸದ್ದು ಮಾತ್ರ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ಅಂಗಳದಲ್ಲಿ ನಿಂತ ಗಾಡಿಗಳನ್ನೆಲ್ಲ ನೋಡಿಕೊಂಡೇ ಬಂದೆ. ಅಂಬಾಸಿಡರ್‌ಗಳಿವೆ, ಫಿಯೆಟ್‌ಗಳಿವೆ. ಮೂಲೆಯಲ್ಲಿ ಒಂದು ಪೆಟ್ರೋಲ್ ಜೀಪ್ ಇದೆ. ಡೀಸೆಲ್ ಇಂಜಿನ್ ಕೂರಿಸದೆ ಇಷ್ಟು ವರ್ಷ ಉಳಿದದ್ದೇ ಒಂದು ಪವಾಡ. ಅದರ ಯಜಮಾನರು ಗೇಟಿನಿಂದ ಅಂಗಳಕ್ಕೆ ಬರುವಷ್ಟರಲ್ಲಿ ಐದು ಸಲ ಸೆಲ್ಫ್ ಹೊಡೆದರು. ಸ್ಲೋ ಸ್ಪೀಡ್, ಅಂದರೆ ಕಾಲು ಒತ್ತದೆ ಇಂಜಿನ್ ಮೆಲ್ಲಗೆ ಓಡುತ್ತಿರೋದು, ನಿಲ್ಲೋದಿಲ್ಲವಂತೆ. ಮಾತು ಮುಗಿದ ಮೇಲೆ ಅದರ ಬಾನೆಟ್ ಎತ್ತೋಣ.

ನನ್ನ ಗಾಡಿ 1978ರ ಅಂಬಾಸಿಡರ್. ಮಾರ್ಕ್ 3, 1489 ಸಿಸಿ ಪೆಟ್ರೋಲ್ ಇಂಜಿನ್. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯೊಂದರ ಕೊಟ್ಟಿಗೆಯಲ್ಲಿ ಸೋಗೆ, ಹಾಳೆಗಳ ಮಧ್ಯೆ ನಿಂತಿತ್ತು. ತಂದ ಹೊಸದರಲ್ಲಿ ಅದು ಕೊಟ್ಟ ಕಾಟ ಇವತ್ತಿಗೂ ಮರೆತಿಲ್ಲ. ಮನೆ ಮುಂದೆ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಹೊಲಿಗೆ ಮಿಷನ್ ತರ ಸದ್ದು. ಪೇಟೆಯಲ್ಲಿ ತೊಂದರೆ ಇಲ್ಲ. ತೀರ್ಥಹಳ್ಳಿ ರಸ್ತೆ ಹಿಡಿದು ಗಾಜನೂರು ದಾಟಿ, ಸಕ್ರೆಬೈಲು ಬಂತು ಅಂದರೆ ಶುರು. ತುಂಗೆಯ ದಂಡೆಯಗುಂಟ ಮೆಲ್ಲಗೆ ಹೋಗುವ ರಸ್ತೆ ಅದು. ಅಲ್ಲಿ ಗಾಡಿ ಮುಗ್ಗರಿಸೋದು, ಕುಂಟೋದು. ಮಂಡಗದ್ದೆ ಹತ್ತಿರ ಬರುವಾಗ ಟೆಂಪರೇಚರ್ ಮುಳ್ಳೂ ಮೇಲೆ. ಪೆಟ್ರೋಲಂತೂ ಲೀಟರಿಗೆ ಏಳು ಕಿಲೋಮೀಟರ್.

ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿದೆ. ಅದರೊಳಗೆ ಪೆಟ್ರೋಲ್ ಬರುವ ಸಣ್ಣ ತೂತಿನ ಜೆಟ್ ತೊಳೆದೆ, ಊದಿದೆ, ಮತ್ತೆ ಕೂರಿಸಿದೆ. ಮುಂದಿನ ಭಾನುವಾರ ಮತ್ತೆ ಬಿಚ್ಚಿದೆ. ಹೊಸ ಪ್ಲಗ್ ಹಾಕಿದೆ, ಕಿಡಿಗೆ ಕರೆಂಟ್ ಕೊಡುವ ಕಾಯ್ಲ್ ಬದಲಿಸಿದೆ. ಮೂರು ವಾರ ಹೋಯಿತು. ಮನೆಯವರು ಬಸ್ಸಲ್ಲಿ ಓಡಾಡತೊಡಗಿದರು.

ಕೊನೆಗೆ ವಯಸ್ಸಾದ ಒಬ್ಬ ಮೇಸ್ತ್ರಿ ಹತ್ತಿರ ಹೋದೆ. ಅವರು ಬಾನೆಟ್ ಮುಟ್ಟಲೂ ಇಲ್ಲ. ಬೀಡಿ ಹಚ್ಚಿ ಒಂದೇ ಪ್ರಶ್ನೆ ಕೇಳಿದರು. "ಘಟ್ಟ ಹತ್ತುವಾಗ ಹೆಂಗಿದೆ?"

ನಾನು ಯೋಚಿಸಿದೆ. ಹಿಂದಿನ ವಾರವಷ್ಟೇ ಉಡುಪಿಗೆ ಹೋಗಿ ಬಂದಿದ್ದೆ. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು. ಗಾಡಿ ಒಂದು ಸಲವೂ ಮುಗ್ಗರಿಸದೆ ಹತ್ತಿತ್ತು. ಕಾಲನ್ನು ಪೂರ್ತಿ ಒತ್ತಿಯೇ ಇದ್ದೆ, ಎಳೆಯುತ್ತಾ ಬಂತು. "ಘಟ್ಟದಲ್ಲಿ ಚೆನ್ನಾಗಿದೆ ಮೇಸ್ತ್ರಿ, ಸಮತಟ್ಟು ರಸ್ತೆಯಲ್ಲೇ ಕಿರಿಕಿರಿ" ಅಂದೆ.

"ಹಂಗಾದ್ರೆ ಕಾರ್ಬುರೇಟರ್ ಬಿಡಿ ಸಾರ್. ಪಾಪ ಅದಕ್ಕೆ ಯಾಕೆ ಸ್ನಾನ ಮಾಡಿಸ್ತೀರ?" ಅಂದರು.

ಗಾಡಿಗೆ ಏನಾಗಿದೆ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಅದು ಎಲ್ಲಿ, ಯಾವಾಗ, ಕಾಲು ಎಷ್ಟು ಒತ್ತಿದಾಗ ಹಾಗೆ ಆಡುತ್ತದೆ ಅಂತ ನೋಡಬೇಕು. ಮೇಸ್ತ್ರಿ ಕೇಳಿದ್ದು ಅದನ್ನೇ. ಆ ಪ್ರಶ್ನೆಯ ಹಿಂದೆ ಏನಿತ್ತು ಅಂತ ಹೇಳೋದೇ ಇವತ್ತಿನ ನನ್ನ ಮಾತು.

ಮೊದಲು ವ್ಯಾಕ್ಯೂಮ್, ಅಂದರೆ ಇಂಜಿನ್ ಗಾಳಿಯನ್ನು ಒಳಗೆಳೆಯುವಾಗಿನ ಎಳೆತ, ಏನು ಅಂತ ನೋಡೋಣ. ಹಳೆಯ ವಿಲ್ಲಿಸ್ ಜೀಪ್ ಓಡಿಸಿದವರು ಇಲ್ಲಿ ಇದ್ದೀರಿ. ಅದರ ವೈಪರ್ ನೆನಪಿದೆ ಅಲ್ವಾ? ಕರೆಂಟಿನದಲ್ಲ, ಇಂಜಿನ್ನಿನ ಎಳೆತದಿಂದ ಆಡುವ ವೈಪರ್. ಜಡಿಮಳೆಯಲ್ಲಿ ಘಟ್ಟ ಹತ್ತಬೇಕು, ಎಕ್ಸಿಲರೇಟರ್ ಒತ್ತಬೇಕು, ಒತ್ತಿದ ತಕ್ಷಣ ವೈಪರ್ ನಿಧಾನವಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಕಾಲು ಎತ್ತಿದರೆ ಪಟಪಟ ಅಂತ ಬಡಿಯುತ್ತಿತ್ತು. ರಸ್ತೆ ಕಾಣಬೇಕು ಅಂದರೆ ಗಾಡಿ ನಿಧಾನ ಮಾಡಬೇಕು, ಗಾಡಿ ಹತ್ತಬೇಕು ಅಂದರೆ ಕಣ್ಣು ಮುಚ್ಚಬೇಕು. ವೈಪರ್‌ಗೆಂದೇ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನಲ್ಲಿ ಇನ್ನೊಂದು ಎಳೆತದ ಪಂಪನ್ನೂ ಸೇರಿಸಿ ನೋಡಿದರು. ಆದರೂ ಆ ಚಟ ಪೂರ್ತಿ ಹೋಗಲಿಲ್ಲ.

ಎಳನೀರಿನ ಸ್ಟ್ರಾ ಚಿವುಟಿ ಹಿಡಿದು ಎಳೆದರೆ ಬಾಯೊಳಗೆ ಎಳೆತ ಜಾಸ್ತಿ ಆಗುತ್ತದೆ. ಬೆರಳು ಬಿಟ್ಟರೆ ಎಳೆತವೇ ಗೊತ್ತಾಗೋದಿಲ್ಲ. ಕಾರ್ಬುರೇಟರ್ ಒಳಗಿನ ಥ್ರಾಟಲ್ ಬಿಲ್ಲೆ ಅಂದರೆ ಆ ಚಿವುಟುವ ಬೆರಳು. ಗಾಡಿ ಸುಮ್ನೆ ನಿಂತು ಓಡುವಾಗ ಅದು ಹೆಚ್ಚುಕಡಿಮೆ ಮುಚ್ಚಿರುತ್ತದೆ, ಅಲ್ಲಿಂದ ಸಿಲಿಂಡರ್‌ಗಳಿಗೆ ಹೋಗುವ ಕೊಳವೆ, ಅಂದರೆ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಜಾಸ್ತಿ. ಕಾಲು ಪೂರ್ತಿ ಒತ್ತಿದರೆ ಬಿಲ್ಲೆ ತೆರೆದುಕೊಂಡು ವ್ಯಾಕ್ಯೂಮ್ ಬಹುತೇಕ ಇಲ್ಲವಾಗುತ್ತದೆ. ಜೀಪಿನ ವೈಪರ್ ಇಂಜಿನ್ನಿನ ಮೇಲಿನ ಭಾರವನ್ನು ಗಾಜಿನ ಮೇಲೆ ಬರೆದು ತೋರಿಸುತ್ತಿತ್ತು ಅಷ್ಟೇ. ಪ್ಲಗ್‌ಗಳಿಗೆ ಸರದಿಯಲ್ಲಿ ಕಿಡಿ ಹಂಚುವ ನಮ್ಮ ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ಅಂಟಿಕೊಂಡಿರುವ ತಟ್ಟೆಯಂಥ ಡಬ್ಬಿಯೂ ಅದೇ ವ್ಯಾಕ್ಯೂಮ್ ನೋಡಿಕೊಂಡು ಕೆಲಸ ಮಾಡುತ್ತದೆ. ಏನು ಕೆಲಸ ಅಂತ ತಿಳಿಯಲು ಬಚ್ಚಲುಮನೆಗೆ ಹೋಗಬೇಕು.

ನಮ್ಮ ಕಡೆ ಬಚ್ಚಲ ಹಂಡೆಗೆ ಉರಿ ಹಾಕುವವರಿಗೆ ಟೈಮಿಂಗ್, ಅಂದರೆ ಕಿಡಿ ಯಾವಾಗ ಹಾರಬೇಕು ಅನ್ನುವ ಲೆಕ್ಕದ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಜ್ಜನಿಗೆ ಆರೂವರೆಗೆ ಬಿಸಿನೀರು ಬೇಕು. ಹಾಗಂತ ಆರೂವರೆಗೆ ಬೆಂಕಿ ಹಚ್ಚಿದರೆ ಆಗುತ್ತದಾ? ಒಣ ಸೌದೆ ಇದ್ದರೆ ಆರಕ್ಕೆ ಹಚ್ಚಬೇಕು. ಆಷಾಢದಲ್ಲಿ ಸೌದೆ ಹಸಿ, ಒಲೆ ತಂಡಿ, ಐದಕ್ಕೇ ಎದ್ದು ಊದಬೇಕು. ಅಜ್ಜ ಬೇಗ ಹೊರಡುವ ದಿನ ಅದಕ್ಕಿಂತಲೂ ಮೊದಲು.

ಸಿಲಿಂಡರ್ ಒಳಗೂ ಇದೇ ಲೆಕ್ಕ. ಪ್ಲಗ್ ಕಿಡಿ ಹಾರಿದ ಕೂಡಲೇ ಪೆಟ್ರೋಲ್ ಗಾಳಿ ಒಟ್ಟಿಗೇ ಸಿಡಿಯೋದಿಲ್ಲ, ಉರಿ ಹರಡಬೇಕು. ಅದಕ್ಕೆ ಒಂದಿಷ್ಟು ಹೊತ್ತು ಬೇಕು. ಪಿಸ್ಟನ್ ತುದಿ ಮುಟ್ಟಿ ಸ್ವಲ್ಪ ಕೆಳಗಿಳಿದಾಗ, ಅಂದರೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡ ಆ ತುದಿಯ ಜಾಗ, ಟಾಪ್, ದಾಟಿ ಸುಮಾರು 15 ಡಿಗ್ರಿ ತಿರುಗಿದಾಗ, ಒತ್ತಡ ಜೋರಾಗಿ ಬಿದ್ದರೆ ಒದೆತ ಪೂರ್ತಿ ಸಿಗುತ್ತದೆ. ಹಾಗಾಗಿ ಕಿಡಿ ಮೊದಲೇ ಹಾರಬೇಕು. ಎಷ್ಟು ಮೊದಲು? 1000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 6 ಡಿಗ್ರಿ ತಿರುಗುತ್ತದೆ. 3000ದಲ್ಲಿ ಅಷ್ಟೇ ಹೊತ್ತಿಗೆ 18 ಡಿಗ್ರಿ. ಸ್ಪೀಡ್ ಏರಿದಂತೆ ಅಜ್ಜ ಬೇಗ ಬೇಗ ಬರುತ್ತಿದ್ದಾನೆ ಅಂತ ತಿಳಿಯಿರಿ. ಅದನ್ನು ನೋಡಿಕೊಳ್ಳಲು ಡಿಸ್ಟ್ರಿಬ್ಯೂಟರ್ ಒಳಗೆ, ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್ಚಿನಂಥ ಪಾಯಿಂಟ್ ಕೂತ ತಟ್ಟೆಯ ಅಡಿಯಲ್ಲಿ, ಎರಡು ಪುಟ್ಟ ತೂಕ, ಎರಡು ಸ್ಪ್ರಿಂಗ್ ಇವೆ. ಜೋರಾಗಿ ತಿರುಗಿದರೆ ತೂಕಗಳು ಹೊರಗೆ ಚಾಚಿ ಪಾಯಿಂಟ್ ಬಿಚ್ಚಿಸುವ ಕ್ಯಾಮ್ ಅನ್ನು ಮುಂದಕ್ಕೆ ತಳ್ಳುತ್ತವೆ.

ಇನ್ನು ಸೌದೆ. ಕಾಲು ಸ್ವಲ್ಪವೇ ಒತ್ತಿ 50ರಲ್ಲಿ ಹೋಗುವಾಗ ಸಿಲಿಂಡರ್ ಒಳಗೆ ಬರುವ ಮಿಶ್ರಣ ಕಡಿಮೆ, ತೆಳು. ತೆಳು ಮಿಶ್ರಣ ಹಸಿ ಸೌದೆ ಇದ್ದ ಹಾಗೆ, ನಿಧಾನವಾಗಿ ಉರಿಯುತ್ತದೆ. ಅದಕ್ಕೆ ಇನ್ನೂ ಹತ್ತೋ ಹದಿನೈದೋ ಡಿಗ್ರಿ ಮೊದಲೇ ಕಿಡಿ ಬೇಕು. ಆ ಕೆಲಸ ವ್ಯಾಕ್ಯೂಮ್ ಡಬ್ಬಿಯದ್ದು. ಒಳಗೆ ರಬ್ಬರಿನ ಪೊರೆ, ಪೊರೆಗೆ ಒಂದು ಕಡ್ಡಿ, ಕಡ್ಡಿಯ ತುದಿಗೆ ಪಾಯಿಂಟ್ ಕೂತ ತಟ್ಟೆ. ಎಳೆತ ಬಂದರೆ ತಟ್ಟೆ ತಿರುಗಿ ಕಿಡಿ ಮುಂಚೆ ಆಗುತ್ತದೆ. ಘಟ್ಟದಲ್ಲಿ ಕಾಲು ಪೂರ್ತಿ ಒತ್ತಿದಾಗ ಎಳೆತ ಇಲ್ಲ, ಮಿಶ್ರಣವೂ ದಟ್ಟ, ಒಣ ಸೌದೆ. ತಟ್ಟೆ ತನ್ನ ಜಾಗಕ್ಕೆ ವಾಪಸ್. ಇದನ್ನು ಮಾಡಲು ಯಾವ ಕಂಪ್ಯೂಟರೂ ಇಲ್ಲ ಅನ್ನೋದು ನನಗೆ ಈಗಲೂ ಖುಷಿ ಕೊಡುತ್ತದೆ.

ಈಗ ನನ್ನ ಗಾಡಿಯ ಒಗಟು ನೀವೇ ಬಿಡಿಸಬಹುದು. ಘಟ್ಟದಲ್ಲಿ ಚೆನ್ನಾಗಿದೆ, ಅಂದರೆ ಪೆಟ್ರೋಲ್ ಸಾಕಷ್ಟು ಬರುತ್ತಿದೆ, ಕಾಯ್ಲ್ ಸರಿ, ತೂಕಗಳು ಸರಿ. ನಿಂತಾಗಲೂ ಚೆನ್ನಾಗಿದೆ. ಕಾಲು ಸ್ವಲ್ಪ ಒತ್ತಿದಾಗ ಮಾತ್ರ ತೊಂದರೆ. ಉಳಿದದ್ದು ವ್ಯಾಕ್ಯೂಮ್ ಒಂದೇ. ನಿಂತಾಗ ಯಾಕೆ ಗೊತ್ತಾಗಲಿಲ್ಲ ಅಂತ ಕೇಳಬಹುದು. ಡಬ್ಬಿಗೆ ಹೋಗುವ ಪೈಪಿನ ತೂತು ಇಂಥ ಕಾರ್ಬುರೇಟರ್‌ಗಳಲ್ಲಿ ಥ್ರಾಟಲ್ ಬಿಲ್ಲೆಯ ಅಂಚಿಗಿಂತ ಕೂದಲೆಳೆಯಷ್ಟು ಮೇಲಿರುತ್ತದೆ. ಬಿಲ್ಲೆ ಮುಚ್ಚಿದ್ದರೆ ಆ ತೂತಿಗೆ ಎಳೆತ ಇಲ್ಲ. ಸ್ವಲ್ಪ ತೆರೆದರೆ ತೂತು ಎಳೆತದ ಕಡೆಗೆ ಬರುತ್ತದೆ.

ಮೇಸ್ತ್ರಿ ಪೈಪಿನ ಕಾರ್ಬುರೇಟರ್ ಕಡೆಯ ತುದಿ ಕಿತ್ತು ನನ್ನ ಕೈಗೆ ಕೊಟ್ಟರು. "ಎಳೀರಿ" ಅಂದರು. ಬಾಯಿಗಿಟ್ಟು ಎಳೆದೆ. ಬರೀ ಗಾಳಿ, ಜೊತೆಗೆ ಹಳೆ ಪೆಟ್ರೋಲಿನ ಕಮಟು. ಸರಿಯಾದ ಡಬ್ಬಿ ಆಗಿದ್ದರೆ ಎಳೆದು ನಾಲಗೆ ಒತ್ತಿದರೆ ತುದಿ ನಾಲಗೆಗೇ ಕಚ್ಚಿಕೊಂಡು ನಿಲ್ಲಬೇಕು. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ನೋಡಿದರೆ ಒಳಗಿನ ತಟ್ಟೆ ಕದಲಿದ್ದೂ ಕಾಣಬೇಕು. ನನ್ನ ಡಬ್ಬಿಯ ಪೊರೆ ಹರಿದಿತ್ತು. ಹಾಗಾಗಿ ಎರಡು ಕಡೆ ಪೆಟ್ಟು. ಅಡ್ವಾನ್ಸ್, ಅಂದರೆ ಮುಂಚಿನ ಕಿಡಿ, ಸಿಗುತ್ತಿರಲಿಲ್ಲ, ತಡವಾಗಿ ಉರಿದ ಬೆಂಕಿ ಸೈಲೆನ್ಸರ್ ಕಡೆಗೆ ಹೋಗಿ ಇಂಜಿನ್ ಕಾಯುತ್ತಿತ್ತು. ಮೇಲಿಂದ ಆ ಹರಿದ ಪೊರೆಯಿಂದಲೇ ಬಿಟ್ಟಿ ಗಾಳಿ ಒಳಗೆ ನುಗ್ಗಿ ಮೊದಲೇ ತೆಳುವಾದ ಮಿಶ್ರಣ ಇನ್ನೂ ತೆಳುವಾಗುತ್ತಿತ್ತು. ಮೂರು ವಾರ ನಾನು ತೊಳೆದ ಜೆಟ್‌ಗಳಿಗೆ ಇದ್ಯಾವುದೂ ಸಂಬಂಧವೇ ಇಲ್ಲ. ಹೊಸ ಡಬ್ಬಿ ಹಾಕಿದ ಮೇಲೆ ಲೀಟರಿಗೆ ಹತ್ತು ಕಿಲೋಮೀಟರ್ ದಾಟಿತು.

ಇಲ್ಲಿ ಇನ್ನೊಂದು ಮಾತು ಸೇರಿಸಿಬಿಡುತ್ತೇನೆ. ಯಾಕೆಂದರೆ ಇದನ್ನು ಹುಡುಕಲು ಜನ ಹುಚ್ಚರಾಗುತ್ತಾರೆ. ಪಾಯಿಂಟ್ ತಟ್ಟೆಯಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಒಂದು ಸಣ್ಣ ಅರ್ತ್ ವೈರ್ ಇರುತ್ತದೆ, ಹೆಣೆದ ಎಳೆಯಂಥದ್ದು. ತಟ್ಟೆ ಆಡಿದಾಗೆಲ್ಲ ಅದೂ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಬಟ್ಟೆ ಹೊದಿಕೆಯ ಒಳಗೇ ತುಂಡಾಗುತ್ತದೆ. ಹೊರಗಿಂದ ನೋಡಿದರೆ ಏನೂ ಆಗಿಲ್ಲ. ನಿಂತಾಗ ತುಂಡುಗಳು ತಾಗಿಕೊಂಡಿರುತ್ತವೆ, ಇಂಜಿನ್ ಚೆನ್ನಾಗಿ ಓಡುತ್ತದೆ. ವ್ಯಾಕ್ಯೂಮ್ ತಟ್ಟೆಯನ್ನು ಎಳೆದ ಕ್ಷಣ ಮಿಸ್ಸಿಂಗ್, ಅಂದರೆ ಕಿಡಿ ತಪ್ಪಿ ಇಂಜಿನ್ ಕುಂಟುತ್ತದೆ. ಡಬ್ಬಿಯ ಪೈಪ್ ಕಿತ್ತು ಕಾರ್ಬುರೇಟರ್ ಕಡೆಯ ಬಾಯಿ ಮುಚ್ಚಿ ಓಡಿಸಿ ನೋಡಿ. ಮಿಸ್ಸಿಂಗ್ ಹೋಯಿತು ಅಂದರೆ ಆ ವೈರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ರಬ್ಬರ್ ಬ್ಯಾಂಡಿನಂತೆ ಹಿಗ್ಗಿದರೆ ಒಳಗೆ ತಂತಿ ಇಲ್ಲ.

ಟೈಮಿಂಗ್ ಇಡೋ ವಿಷಯಕ್ಕೆ ಬರೋಣ. ಬಹಳ ಜನ ನೇರ ಡಿಸ್ಟ್ರಿಬ್ಯೂಟರ್ ಹಿಡಿದು ತಿರುಗಿಸುತ್ತಾರೆ. ದಯವಿಟ್ಟು ಬೇಡ. ಮೊದಲು ಪಾಯಿಂಟ್ ಗ್ಯಾಪ್. ಈ ಪಾಯಿಂಟ್, ಕಾಯ್ಲ್ ವ್ಯವಸ್ಥೆ 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ್ದು, ನಮ್ಮ ಗಾಡಿಗಳಲ್ಲೂ ಇರೋದು ಅದೇ. ಪಾಯಿಂಟ್ ಬಿಚ್ಚಿಕೊಂಡ ಕ್ಷಣವೇ ಕಿಡಿ. ಹೀಗಾಗಿ ಗ್ಯಾಪ್ ಜಾಸ್ತಿ ಆದರೆ ಬೇಗ ಬಿಚ್ಚಿಕೊಳ್ಳುತ್ತದೆ, ಟೈಮಿಂಗ್ ಮುಂದೆ ಹೋಗುತ್ತದೆ. ಕ್ಯಾಮ್‌ಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆದು ಗ್ಯಾಪ್ ಕಡಿಮೆ ಆದರೆ ಟೈಮಿಂಗ್ ತಾನಾಗಿಯೇ ಹಿಂದೆ ಬೀಳುತ್ತದೆ. ಟೈಮಿಂಗ್ ಇಟ್ಟ ಮೇಲೆ ಗ್ಯಾಪ್ ಮುಟ್ಟಿದಿರೋ, ಇಟ್ಟ ಟೈಮಿಂಗ್ ನೀರಿನ ಪಾಲು. ಅಂಬಾಸಿಡರ್‌ಗೆ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ 15 ಪಾಲು. ಪ್ಲಗ್‌ಗೆ 25. ಫೀಲರ್ ಗೇಜ್ ಇಲ್ಲ ಅಂತ ಮದುವೆ ಕಾರ್ಡ್ ತುಂಡು ಹಾಕಿ ಗ್ಯಾಪ್ ನೋಡುವವರನ್ನು ಕಂಡಿದ್ದೇನೆ. ದಾರಿ ಮಧ್ಯೆ ಕೆಟ್ಟರೆ ಸರಿ, ಮನೆಯಲ್ಲಿ ಬೇಡ. ಈಗಿನ ಮದುವೆ ಕಾರ್ಡುಗಳು ಬಾಗಿಲಿನಷ್ಟು ದಪ್ಪ.

ಕ್ಯಾಪ್ ತೆಗೆದಾಗ, ತಿರುಗುತ್ತಾ ಕಿಡಿ ಹಂಚುವ ರೋಟರ್ ಕೂರುವ ಶಾಫ್ಟನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಪಾಯಿಂಟ್ ಗ್ಯಾಪ್ ಕಣ್ಣಿಗೆ ಕಾಣುವಷ್ಟು ಬದಲಾದರೆ ಬುಶ್ ಸವೆದಿದೆ. ಅಂಥ ಡಿಸ್ಟ್ರಿಬ್ಯೂಟರ್‌ನಲ್ಲಿ ಒಂದೊಂದು ಸಿಲಿಂಡರ್‌ಗೆ ಒಂದೊಂದು ಟೈಮಿಂಗ್ ಇರುತ್ತದೆ. ಏನು ಹೊಂದಿಸಿದರೂ ನಿಲ್ಲೋದಿಲ್ಲ. ಪಾಯಿಂಟ್ ಮುಖ ಕರಕಲಾಗಿ ಪದೇಪದೇ ಸುಡುತ್ತಿದ್ದರೆ, ಗಾಡಿ ಬಿಸಿಯಾದ ಮೇಲೆ ಕೈಕೊಡುತ್ತಿದ್ದರೆ, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಬದಲಿಸಿ. ಹೊಸದು ಅಂತ ಪೂರ್ತಿ ನಂಬಬೇಡಿ. ಓಡುತ್ತಿದ್ದ ಹಳೇದನ್ನು ಡ್ಯಾಶ್‌ಬೋರ್ಡಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.

ಗ್ಯಾಪ್ ಆದ ಮೇಲೆ ಟೈಮಿಂಗ್. ಬೇಕಾದ್ದು ಒಂದು 12 ವೋಲ್ಟ್ ಬಲ್ಬು, ಎರಡು ವೈರು. ರೇಡಿಯೇಟರ್ ಕಡೆಯದು ಒಂದನೇ ಸಿಲಿಂಡರ್. ಅದರ ಪ್ಲಗ್ ತೆಗೆದು ತೂತಿಗೆ ಹೆಬ್ಬೆರಳು ಒತ್ತಿ. ಇನ್ನೊಬ್ಬರು ಹ್ಯಾಂಡಲ್ ತಿರುಗಿಸಲಿ. ಹೆಬ್ಬೆರಳನ್ನು ಗಾಳಿ ತಳ್ಳಿತು ಅಂದರೆ ಕಂಪ್ರೆಷನ್ ಬಂತು. ಈಗ ಬಗ್ಗಿ ಕೆಳಗೆ ನೋಡಿ. ಅಂಬಾಸಿಡರ್‌ನಲ್ಲಿ ಪುಲ್ಲಿಗೆ ಒಂದು ಕಚ್ಚು, ಟೈಮಿಂಗ್ ಕವರ್‌ಗೆ ಮುಳ್ಳುಗಳು. ಉದ್ದ ಮುಳ್ಳು ಟಾಪ್, ಉಳಿದವು 5 ಡಿಗ್ರಿ, 10 ಡಿಗ್ರಿ ಮೊದಲು. ಆ ಜಾಗ ಯಾವಾಗಲೂ ಗ್ರೀಸ್, ಮಣ್ಣಲ್ಲಿ ಹೂತಿರುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಕಚ್ಚಿಗೆ ಸುಣ್ಣವೋ ಬಿಳಿ ಪೇಂಟೋ ಹಚ್ಚಿ. ನಿಮ್ಮ ಮಾಡೆಲ್ಲಿನ ಪುಸ್ತಕ ಎಷ್ಟು ಡಿಗ್ರಿ ಹೇಳುತ್ತದೋ ಅಲ್ಲಿಗೆ ಕಚ್ಚು ತಂದು ನಿಲ್ಲಿಸಿ. ದಾಟಿತಾ? ಹಿಂದಕ್ಕೆ ತಿರುಗಿಸಿ ಸರಿ ಮಾಡಬೇಡಿ, ಚೈನು, ಗೇರಿನ ಸಡಿಲ ಎಲ್ಲ ಲೆಕ್ಕ ತಪ್ಪಿಸುತ್ತದೆ. ಮತ್ತೆ ಎರಡು ಸುತ್ತು ಹಾಕಿ ಬನ್ನಿ.

ಬಲ್ಬಿನ ಒಂದು ವೈರ್ ಡಿಸ್ಟ್ರಿಬ್ಯೂಟರ್ ಪಕ್ಕದ ತೆಳು ವೈರಿನ ಟರ್ಮಿನಲ್‌ಗೆ, ಇನ್ನೊಂದು ಬಾಡಿಗೆ. ಇಗ್ನಿಷನ್ ಆನ್. ಪಾಯಿಂಟ್ ಮುಚ್ಚಿದ್ದರೆ ಬಲ್ಬ್ ಇಲ್ಲ, ಬಿಚ್ಚಿದರೆ ಬೆಳಗುತ್ತದೆ. ಕ್ಲಾಂಪ್ ಸಡಿಲ ಮಾಡಿ, ಡಿಸ್ಟ್ರಿಬ್ಯೂಟರನ್ನು ರೋಟರ್ ತಿರುಗುವ ದಿಕ್ಕಿಗೇ ತಿರುಗಿಸಿ ಬಲ್ಬ್ ಆರಿಸಿ. ಆಮೇಲೆ ಎದುರು ದಿಕ್ಕಿಗೆ ಮೆಲ್ಲಗೆ, ತೀರ ಮೆಲ್ಲಗೆ. ಬಲ್ಬ್ ಮಿಣುಕಿದ ಜಾಗದಲ್ಲೇ ನಿಲ್ಲಿಸಿ ಬಿಗಿ ಮಾಡಿ. ಬಿಗಿ ಮಾಡುವಾಗ ಅದು ಸ್ವಲ್ಪ ಸರಿಯುತ್ತದೆ, ಸರಿದೇ ಸರಿಯುತ್ತದೆ. ಮತ್ತೊಂದು ಸಲ ಹ್ಯಾಂಡಲ್ ತಿರುಗಿಸಿ ನೋಡಿ. ಮುಗಿದ ಮೇಲೆ ಇಗ್ನಿಷನ್ ಆಫ್ ಮಾಡಲು ಮರೆಯಬೇಡಿ, ಕಾಯ್ಲ್ ಕಾದು ಹೋಗುತ್ತದೆ. ನಾನು ಒಂದು ಕಾಯ್ಲ್ ಹಾಗೇ ಸುಟ್ಟಿದ್ದೇನೆ, ಮಾತಾಡುತ್ತಾ ಕೂತು.

ಕಿಡಿ ಹಾರಿದಾಗೆಲ್ಲ ಮಿಂಚುವ ದೀಪ, ಟೈಮಿಂಗ್ ಲೈಟ್, ಇದ್ದವರು ಇಂಜಿನ್ ಓಡುವಾಗಲೇ ನೋಡಬಹುದು. ಆಗ ಡಬ್ಬಿಯ ಪೈಪ್ ತೆಗೆದು ಕಾರ್ಬುರೇಟರ್ ಕಡೆಯ ಬಾಯಿ ಮುಚ್ಚಿರಬೇಕು. ಮೊದಲು ಸ್ಲೋ ಸ್ಪೀಡಿನಲ್ಲಿ ನೋಡಿ. ನಿಧಾನವಾಗಿ ಜೋರು ಮಾಡಿದಂತೆ ಕಚ್ಚು ಮುಂದಕ್ಕೆ ಸರಿಯಬೇಕು. ಅದು ತೂಕಗಳ ಕೆಲಸ. ಹಾಗೇ ಜೋರಿನಲ್ಲಿ ಹಿಡಿದು ಪೈಪ್ ಸೇರಿಸಿದರೆ ಇನ್ನೊಂದಿಷ್ಟು ಹಾರಬೇಕು. ಅದು ಡಬ್ಬಿಯ ಕೆಲಸ. ಮೊದಲನೆಯದು ಆಗದಿದ್ದರೆ ತೂಕದ ಗೂಟಗಳಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು ನೋಡಿ. ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಗಳಲ್ಲಿ ಅವು ತುಕ್ಕಿಗೆ ಕಚ್ಚಿಕೊಂಡಿರುತ್ತವೆ.

ಈಗ ವ್ಯಾಕ್ಯೂಮ್ ಗೇಜ್. ದೊಡ್ಡ ಖರ್ಚಿನ ಸಾಮಾನಲ್ಲ, ಆದರೆ ನಮ್ಮೂರಲ್ಲಿ ಬಳಸುವವರೇ ಕಡಿಮೆ. ಮ್ಯಾನಿಫೋಲ್ಡಿನಲ್ಲಿ ಒಂದು ಸ್ಕ್ರೂ ಪ್ಲಗ್ ಇದ್ದರೆ ಅಲ್ಲಿ, ಇಲ್ಲವೇ ಬ್ರೇಕ್ ಸರ್ವೋ ಪೈಪ್ ಕೂರುವ ಕಡೆ ಸೇರಿಸಬಹುದು. ಇಂಜಿನ್ ಬಿಸಿಯಾಗಿ ಸ್ಲೋ ಸ್ಪೀಡಿನಲ್ಲಿ ಇರುವಾಗ ಮುಳ್ಳು 18ರಿಂದ 21 ಇಂಚಿನ ಮಧ್ಯೆ ಅಲ್ಲಾಡದೆ ನಿಲ್ಲಬೇಕು ಅಂತ ಪುಸ್ತಕಗಳು ಹೇಳುತ್ತವೆ. ಇಂಚು ಅಂದರೆ ಪಾದರಸದ ಲೆಕ್ಕ. ಆದರೆ ಆ ಪುಸ್ತಕಗಳೆಲ್ಲ ಸಮುದ್ರ ಮಟ್ಟದ ಊರಿಗೆ ಬರೆದವು. ಸಾವಿರ ಅಡಿ ಮೇಲೆ ಹೋದರೆ ಸುಮಾರು ಒಂದು ಇಂಚು ಕಡಿಮೆ ಆಗುತ್ತದೆ. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 1,870 ಅಡಿ. ಇಲ್ಲಿ 16, 17 ಬಂದರೆ ಇಂಜಿನ್ ಗಟ್ಟಿ ಇದೆ. ಅದೇ ಗಾಡಿ ಕೆಮ್ಮಣ್ಣುಗುಂಡಿಗೆ ಹೋಗಲಿ, ಅಲ್ಲಿ 4,700 ಅಡಿ ಎತ್ತರ, 14 ತೋರಿಸಬಹುದು. ಮೇಲೆ ಹೋದವರೊಬ್ಬರು ಗೇಜ್ ನೋಡಿ ಗಾಬರಿಯಾಗಿ ಟೈಮಿಂಗ್ ಮುಂದಕ್ಕೆ ತಿರುಗಿಸಿದ್ದರು. ಎಳೆತ ಏರಿತು, ಖುಷಿಯಾಯಿತು. ಮಾರನೇ ದಿನ ಮಂಗಳೂರಿಗೆ ಇಳಿದರೆ ಇಂಜಿನ್ನಿನಲ್ಲಿ ಕಲ್ಲು ಹಾಕಿ ಕುಲುಕಿದ ಸದ್ದು. ಬೆಟ್ಟದ ಮೇಲೆ ತೆಳು ಗಾಳಿಯಲ್ಲಿ ಸಹಿಸಿಕೊಂಡ ಅಡ್ವಾನ್ಸ್ ಕೆಳಗಿನ ದಟ್ಟ ಗಾಳಿಯಲ್ಲಿ ನಾಕಿಂಗ್ ಆಯಿತು. ಟೈಮಿಂಗ್ ಮುಂದೆ ಮಾಡಿದಷ್ಟೂ ಸ್ಲೋ ಸ್ಪೀಡಿನ ವ್ಯಾಕ್ಯೂಮ್ ಏರುತ್ತಲೇ ಹೋಗುತ್ತದೆ, ಬೇಕಾದ್ದಕ್ಕಿಂತ ಮುಂದೆ ಹೋದ ಮೇಲೂ. ಹಾಗಾಗಿ ಗೇಜ್ ನೋಡಿ ಟೈಮಿಂಗ್ ಇಡುವುದು ನನಗೆ ಒಪ್ಪಿಗೆ ಇಲ್ಲ. ಟೈಮಿಂಗ್‌ಗೆ ಬಲ್ಬು, ರೋಗ ಹುಡುಕಲು ಗೇಜ್.

ಮುಳ್ಳು ಕಡಿಮೆ ಇದ್ದು ಅಲ್ಲಾಡದೆ ನಿಂತಿದ್ದರೆ ಟೈಮಿಂಗ್ ತಡ ಇರಬಹುದು, ಇಲ್ಲವೇ ಗಾಳಿ ಲೀಕ್. ತೀರ ಕೆಳಗೆ, ಐದಾರು ಇಂಚಿಗೆ ಬಿದ್ದಿದ್ದರೆ ಲೀಕ್ ಅಂತಲೇ ಶುರು ಮಾಡಿ. ಒಂದೇ ತಾಳದಲ್ಲಿ ಟಕ್ ಟಕ್ ಅಂತ ಕೆಳಗೆ ಬೀಳುತ್ತಿದ್ದರೆ ಒಂದು ವಾಲ್ವ್ ಕೂರುತ್ತಿಲ್ಲ ಅಥವಾ ಒಂದು ಪ್ಲಗ್ ಸತ್ತಿದೆ. ಜೋರು ಮಾಡಿ ಹಿಡಿದಾಗ ಮೊದಲು ಸರಿಯಾಗಿದ್ದು ಮೆಲ್ಲಗೆ ಇಳಿಯುತ್ತಾ ಹೋದರೆ ಸೈಲೆನ್ಸರ್ ಕಟ್ಟಿಕೊಂಡಿದೆ. ತೋಟದ ಮನೆಗಳಲ್ಲಿ ನಿಂತ ಗಾಡಿಯ ಸೈಲೆನ್ಸರ್ ಒಳಗೆ ಏನೇನು ಮನೆ ಮಾಡಿರುತ್ತದೋ ದೇವರೇ ಬಲ್ಲ.

ಲೀಕ್ ಹುಡುಕಲು ಕೆಲವರು ಪೆಟ್ರೋಲ್ ಎರಚುತ್ತಾರೆ. ಬಿಸಿ ಇಂಜಿನ್, ಕಿಡಿ, ಪೆಟ್ರೋಲ್, ಈ ಮೂರನ್ನೂ ಸೇರಿಸುವ ಧೈರ್ಯ ನನಗಿಲ್ಲ. ಕಾಫಿ ಗಿಡಕ್ಕೆ ಸಿಂಪಡಿಸುವ ಪುಟ್ಟ ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ಸಾಕು. ಮ್ಯಾನಿಫೋಲ್ಡ್ ಪ್ಯಾಕಿಂಗ್ ಸುತ್ತ, ಕಾರ್ಬುರೇಟರ್ ಬುಡಕ್ಕೆ, ಥ್ರಾಟಲ್ ಶಾಫ್ಟಿನ ಎರಡೂ ತುದಿಗೆ ಒಂದೊಂದಾಗಿ ಬಿಡಿ. ಇಂಜಿನ್ ಸದ್ದು ಬದಲಾದ ಜಾಗವೇ ತೂತು. ಡಿಸ್ಟ್ರಿಬ್ಯೂಟರ್ ಕಡೆ ಮಾತ್ರ ನೀರು ಬಿಡಬೇಡಿ. ಒಂದು ರಬ್ಬರ್ ಪೈಪಿನ ತುದಿ ಕಿವಿಗಿಟ್ಟು ಇನ್ನೊಂದು ತುದಿಯನ್ನು ಸುತ್ತ ಓಡಾಡಿಸಿದರೂ ಸುಯ್ ಅನ್ನೋದು ಕೇಳುತ್ತದೆ.

ಈಗ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್. ಅದು ತನ್ನೊಳಗೇ ಆಮ್ಲಜನಕ ಹೊತ್ತು ಬರುವುದರಿಂದ ಹಳೆ ಜೆಟ್ಟಿಗೆ ಮಿಶ್ರಣ ತೆಳುವಾಗುತ್ತದೆ. ಮೊದಲು ಗೊತ್ತಾಗದೆ ಹೋಗುತ್ತಿದ್ದ ಸಣ್ಣ ಲೀಕ್ ಈಗ ಗೊತ್ತಾಗುತ್ತದೆ. ಹಳೆ ಕಾಲದ ರಬ್ಬರ್ ಪೈಪುಗಳೂ ಮೆತ್ತಗಾಗಿ ಬಿರಿಯುತ್ತವೆ. ನೀರನ್ನೂ ಹೀರಿಕೊಳ್ಳುತ್ತದೆ. ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸುವವರು ಅದನ್ನು ಮನಸ್ಸಿನಲ್ಲಿಡಿ.

ಮಳೆ ಅಂದ ಮೇಲೆ ನಮ್ಮ ಕಡೆಯ ಇನ್ನೊಂದು ಕಥೆ. ಜುಲೈ ತಿಂಗಳ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಟೈಮಿಂಗ್ ಮುಟ್ಟಲೇಬೇಡಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ನೋಡಿ, ಇಬ್ಬನಿ ಕೂತಿರುತ್ತದೆ. ಆಗುಂಬೆ ಕಡೆಯ ಒಬ್ಬ ಹಿರಿಯರು ಕ್ಯಾಪನ್ನು ಒಲೆ ಪಕ್ಕ ಬೆಚ್ಚಗೆ ಇಟ್ಟು, ಕಾಫಿ ಕುಡಿದು, ಆಮೇಲೆ ಹಾಕುತ್ತಿದ್ದರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಅದೇ ದಿನಚರಿ. ಡಬ್ಲ್ಯುಡಿ-40 ಹೊಡೆದರೂ ಆಗುತ್ತದೆ, ಅದರ ಹೆಸರಿನಲ್ಲೇ ನೀರನ್ನು ಓಡಿಸುವುದು ಅನ್ನುವ ಅರ್ಥ ಇದೆ. ಕ್ಯಾಪ್ ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡರೆ ಒರೆಸಿ ಉಪಯೋಗವಿಲ್ಲ. ಕರೆಂಟ್ ಅಲ್ಲೇ ದಾರಿ ಮಾಡಿಕೊಂಡಿದೆ, ಕ್ಯಾಪ್ ಬದಲಿಸಿ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಇಂಜಿನ್ ಓಡಿಸಿ ನೋಡಿ, ವೈರ್‌ಗಳ ಮೇಲೆ ನೀಲಿ ಮಿಂಚು ಓಡಾಡುತ್ತಿದ್ದರೆ ಅವೂ ಹೋಗಿವೆ. ಕತ್ತಲೆಗೆ ನಮ್ಮ ಕಡೆ ಮಳೆಗಾಲದಲ್ಲಿ ಕೊರತೆ ಇಲ್ಲವಲ್ಲ.

ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬಹುದಾ ಅಂತ ಒಬ್ಬರು ಕೇಳಿದರು. ಹಾಕಿಸಿ, ಪಾಯಿಂಟ್ ಗ್ಯಾಪಿನ ತಲೆನೋವು ಹೋಗುತ್ತದೆ. ಆದರೆ ತೂಕ, ಸ್ಪ್ರಿಂಗ್, ಡಬ್ಬಿ ಅವೇ ಇರುತ್ತವೆ. ಹರಿದ ಪೊರೆ ಹರಿದೇ ಇರುತ್ತದೆ.

ಮಾತು ಇಷ್ಟಕ್ಕೆ ನಿಲ್ಲಿಸಿ ಎಲ್ಲರೂ ಅಂಗಳಕ್ಕೆ ಬಂದೆವು. ಜೀಪಿನ ಬಾನೆಟ್ ಎತ್ತಿದೆ. ಈ ಇಂಜಿನ್ನಿನಲ್ಲಿ ಇನ್‌ಲೆಟ್ ಮ್ಯಾನಿಫೋಲ್ಡ್ ಹೆಡ್ಡಿನ ಒಳಗೇ ಎರಕವಾಗಿದೆ, ಹಾಗಾಗಿ ಮ್ಯಾನಿಫೋಲ್ಡ್ ಪ್ಯಾಕಿಂಗ್ ಲೀಕ್ ಅನ್ನುವ ಮಾತೇ ಇಲ್ಲ. ಗೇಜ್ ಸೇರಿಸಿ ಸ್ಟಾರ್ಟ್ ಮಾಡಿಸಿದೆ. ಆಫ್ ಆಗದಂತೆ ಯಜಮಾನರು ಕಾಲು ಇಟ್ಟೇ ಕೂತಿದ್ದರು. ಮುಳ್ಳು 10 ಇಂಚಿನಲ್ಲಿ ಕದಲದೆ ನಿಂತಿತ್ತು. ಸೋಪಿನ ನೀರು ಕಾರ್ಬುರೇಟರ್ ಬುಡಕ್ಕೆ ಬಿಟ್ಟೆ, ಬದಲಾವಣೆ ಇಲ್ಲ. ಶಾಫ್ಟಿಗೆ ಬಿಟ್ಟೆ, ಇಲ್ಲ. ಸುತ್ತ ನಿಂತವರು ಆಗಲೇ ಕಾರ್ಬುರೇಟರ್ ಬಿಚ್ಚಿಸಲು ಶುರು ಮಾಡಿದ್ದರು, ಬಾಯಲ್ಲಿ.

"ವೈಪರ್ ಯಾವುದು?" ಅಂತ ಕೇಳಿದೆ.

"ಎಲೆಕ್ಟ್ರಿಕ್ ಮಾಡಿಸಿದೀನಿ. ಎರಡು ವರ್ಷ ಆಯ್ತು" ಅಂದರು.

"ಹಳೇ ವೈಪರ್ ಪೈಪ್?"

ಅವರು ಗಾಜಿನ ಕೆಳಗೆ ಕೈ ತೋರಿಸಿದರು. ರಬ್ಬರ್ ಪೈಪ್ ಅಲ್ಲೇ ನೇತಾಡುತ್ತಿತ್ತು. ತುದಿಗೆ ಯಾರೋ ಬನಿಯನ್ ಬಟ್ಟೆ ತುರುಕಿ ದಾರ ಸುತ್ತಿದ್ದರು. ಬಟ್ಟೆ ಗಾಳಿಗೆ ಅಡ್ಡ ಬರುತ್ತದಾ? ಇಕ್ಕಳದಲ್ಲಿ ಪೈಪನ್ನು ಬುಡದಲ್ಲೇ ಚಿವುಟಿದೆ. ಇಂಜಿನ್ನಿನ ಉಸಿರೇ ಬದಲಾಯಿತು. ಮುಳ್ಳು ಮೆಲ್ಲಗೆ ಏರಿ 16 ದಾಟಿತು. ಲೀಕಿಗೆ ಸರಿದೂಗಿಸಲು ಯಾರೋ ಮಿಕ್ಸ್ಚರ್ ಸ್ಕ್ರೂ ಬೇಕಾಬಿಟ್ಟಿ ತೆರೆದಿದ್ದರು. ಅದನ್ನು ಒಳಗೆ ತಂದಾಗ ಹೊಗೆಯೂ ನಿಂತಿತು. ಯಜಮಾನರಿಗೆ ಕಾಲು ತೆಗೆಯಿರಿ ಅಂದೆ. ಅವರು ನಂಬಿಕೆ ಇಲ್ಲದೆ ಒಂದೊಂದೇ ಇಂಚು ಎತ್ತಿದರು. ಜೀಪ್ ಆಫ್ ಆಗಲಿಲ್ಲ.

ಅವರು ಇಳಿದು ಬಂದು ಇಕ್ಕಳವನ್ನೂ, ಬನಿಯನ್ ಬಟ್ಟೆಯನ್ನೂ ನೋಡಿದರು. "ಇಷ್ಟೇನಾ ಮಾರಾಯ್ರೆ?" ಅಂದರು. ಆಮೇಲೆ ತಲೆ ಕೆರೆದುಕೊಂಡು, "ಆ ಬನಿಯನ್ ನಂದೇ" ಅಂದರು.